ಕುರ್ಚಿಯಿಂದ ಏಳುವ ತಪ್ಪು ಕ್ರಮ

ಕುರ್ಚಿಯಿಂದ ಏಳುವಾಗ ತಾನು ಹೇಗೆ ಕಾಣುತ್ತೇನೆ ಎಂಬುದು ಮನುಷ್ಯನಿಗೆ ಗೊತ್ತಿರುವುದಿಲ್ಲ. ಗೊರಕೆಯ ಹಾಗೆ ಅದೂ ಮನೆಯ ಉಳಿದವರಿಗಷ್ಟೇ ಗೊತ್ತಿರುವ ಸಂಗತಿ. ನಾನು ಗುಡಗೇರಿಯ ಸುತ್ತಲಿನ ಶಾಲೆಗಳಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಒಂದು ಸೀಟಿ ಊದಿದರೆ ಇಡೀ ಮೈದಾನ ಏಳುತ್ತಿತ್ತು, ಇನ್ನೊಂದು ಊದಿದರೆ ಕೂಡುತ್ತಿತ್ತು. ಹೀಗಾಗಿ ಏಳುವ ಕೂಡುವ ವಿಷಯದಲ್ಲಿ ನನಗೆ ಯಾರಾದರೂ ಪಾಠ ಹೇಳಿಯಾರು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ನಿವೃತ್ತನಾದ ಮೇಲೆ ನಾನು ಸ್ವತಃ ಕೈಕಾಲು ಆಡಿಸಲಿಲ್ಲ, ನಿಜ. ಆದರೆ ಮದುವೆಯ ಅಡುಗೆ ಮಾಡುವವನೂ ಮನೆಗೆ ಬಂದ ಮೇಲೆ ಒಲೆಯ ಮುಂದೆ ನಿಲ್ಲುವುದಿಲ್ಲ. ಅವನನ್ನು ಯಾರೂ ಏನೂ ಕೇಳುವುದಿಲ್ಲ.

ಹೋದ ವರ್ಷ ನಮ್ಮ ಪಂಚಾಯ್ತಿಯ ಗ್ರಂಥಾಲಯಕ್ಕೆ ಕ್ಯಾಮೆರಾ ಹಿಡಿದುಕೊಂಡು ಒಂದು ತಂಡ ಬಂತು. ವಯಸ್ಸಾದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗಾಗಿ ಕಂಪ್ಯೂಟರಿನಲ್ಲಿ ವ್ಯಾಯಾಮದ ಪಾಠ ಮಾಡುತ್ತಾರಂತೆ, ಅದರಲ್ಲಿ ಊರಿನ ಹಿರಿಯರೇ ಕಾಣಿಸಿಕೊಳ್ಳಬೇಕಂತೆ. ತಂಡದ ಮುಂದಾಳು ಫಿಜಿಯೋಥೆರಪಿ ಕಲಿತ ಹುಡುಗಿ, ಹೆಸರು ಅಶ್ವಿನಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, "ಸರ, ದಿನಾ ಮನ್ಯಾಗ ಹೆಂಗ ಏಳ್ತೀರೋ ಹಂಗ ಏಳ್ರಿ" ಎಂದಳು. ಎದ್ದೆ. "ಭಾರಿ ಛಲೋ ಬಂತ್ರಿ ಸರ! ಅಗದಿ ನಮಗ ಬೇಕಾದಂಗ!" ಎಂದಳು. ಸರದಿಗಾಗಿ ಕಾಯುತ್ತ ನಿಂತಿದ್ದ ಪಾಟೀಲ ಮಾಸ್ತರರ ಕಡೆ ನಾನೊಮ್ಮೆ ನೋಡಿದೆ. ಪಾಟೀಲರು ಗಣಿತದವರು. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ನನ್ನ ಡ್ರಿಲ್ ಪಿರಿಯಡ್ ಕಸಿದುಕೊಂಡು ಅದರಲ್ಲಿ ಬೀಜಗಣಿತ ಬಿತ್ತುತ್ತಿದ್ದವರು. ಅವರೂ ಕೂತು ಎದ್ದರು. ಅವರಿಗೆ ಆ ಹುಡುಗಿ ಬರೀ "ಆತ್ರಿ ಸರ, ಥ್ಯಾಂಕ್ಸ್" ಎಂದಳು. ಸಂಜೆಯೊಳಗೆ ಈ ವ್ಯತ್ಯಾಸ ಊರಿಗೆಲ್ಲ ತಿಳಿಯುವಂತೆ ನಾನು ನೋಡಿಕೊಂಡೆ.

ಮನೆಯಲ್ಲಿ ಮಾತ್ರ ಈ ಸುದ್ದಿಗೆ ಬೆಲೆ ಬರಲಿಲ್ಲ. ಅಲ್ಲಿ ಬೇರೆಯೇ ಚಿಂತೆಯಿತ್ತು. ನನ್ನ ಅಕ್ಕ ಗಂಗಕ್ಕ, ಎಂಬತ್ತು ದಾಟಿದವಳು, ನಮ್ಮ ಜೊತೆಗೇ ಇರುತ್ತಾಳೆ. ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಎಲುಬು ಮುರಿದಿರಲಿಲ್ಲ. ನಡೆದಾಡಿಸಿ, ಇಲ್ಲದಿದ್ದರೆ ಹಾಸಿಗೆ ಹಿಡಿಯುತ್ತಾರೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆದರೆ ಅವಳ ಧೈರ್ಯ ಮುರಿದುಹೋಗಿತ್ತು. ಓಣಿಗೆಲ್ಲ ಕೇಳುವಂತೆ ಗದರುತ್ತಿದ್ದವಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ನನ್ನ ಹೆಂಡತಿ ಸುಮಿತ್ರಾ ಅವಳ ಕಂಕುಳಿಗೆ ಕೈ ಕೊಟ್ಟು ಎತ್ತಿ ಎತ್ತಿ ತನ್ನ ಸೊಂಟ ನೋಯಿಸಿಕೊಂಡಳು. ನಾನು ನನ್ನ ಹಳೆಯ ವಿದ್ಯೆ ಹೊರತೆಗೆದು, ಮಂಚದ ಮುಂದೆ ಎದೆ ಸೆಟೆದು ನಿಂತು "ಏಕ್, ದೋ" ಎಂದೆ. "ಬಸ್ಯಾ, ನಾ ಏನ್ ನಿನ್ನ ಸಾಲಿ ಹುಡುಗಿ ಏನಲೇ? ಹೋಗ್ ಅತ್ತಾಗ" ಎಂದು ಅಕ್ಕ ಮುಸುಕೆಳೆದುಕೊಂಡಳು.

ಪಾಠ ತಯಾರಾದಾಗ ಸುಮಿತ್ರಾ ಹೆಸರು ಹಚ್ಚಿದಳು. ಅತ್ತೆಯನ್ನೋ ಮಾವನನ್ನೋ ಹೆತ್ತವರನ್ನೋ ನೋಡಿಕೊಳ್ಳುವ ಹೆಂಗಸರು ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಗುಂಪಾಗಿ ಕೂತರು. ಯಾರೂ ಕರೆಯದಿದ್ದರೂ ಮೊದಲ ದಿನ ನಾನೂ ಹೋದೆ, ಪಾಟೀಲರೂ ಬಂದಿದ್ದರು. ಪರದೆಯ ಮೇಲೆ ಮೊದಲು ಅವರೇ ಬಂದರು. ಕುರ್ಚಿಯ ಅಂಚಿಗೆ ಸರಿದು, ಪಾದಗಳನ್ನು ಹಿಂದೆ ತಂದು, ಮುಂದಕ್ಕೆ ಬಾಗಿ ನಿಧಾನವಾಗಿ ಎದ್ದರು. ಕೆಳಗೆ ಹಸಿರು ಅಕ್ಷರ: 'ಸರಿಯಾದ ಕ್ರಮ'. ಆಮೇಲೆ ನಾನು ಬಂದೆ. ಹಿಂದಕ್ಕೆ ಒರಗಿಕೊಂಡೇ ಕಾಲು ಮುಂದೆ ಚಾಚಿ, ಉಸಿರು ಬಿಗಿಹಿಡಿದು, ಕುರ್ಚಿಯ ಕೈಗಳು ಕಿತ್ತುಬರುವಂತೆ ಜಗ್ಗಿ, "ಉಸ್ಸಪ್ಪಾ" ಎಂದು ಎದ್ದು, ಎದ್ದ ರಭಸಕ್ಕೆ ತೂರಾಡಿದೆ. ಕೆಳಗೆ ಕೆಂಪು ಅಕ್ಷರ: 'ಹೀಗೆ ಮಾಡಬಾರದು'.

ಗ್ರಂಥಾಲಯದ ಗೋಡೆಯ ಮೇಲೆ 'ನಿಶ್ಶಬ್ದ' ಎಂದು ಬರೆದ ಬೋರ್ಡಿದೆ. ಆ ದಿನ ಅದನ್ನು ಯಾರೂ ಓದಲಿಲ್ಲ. ಪಾಠದ ಕೊನೆಗೆ ಕಂಪ್ಯೂಟರು ಪ್ರಶ್ನೆ ಕೇಳುತ್ತದೆ. ಉತ್ತರ ತಪ್ಪಾದರೆ ಅದೇ ದೃಶ್ಯ ಮತ್ತೆ ತೋರಿಸುತ್ತದೆ. ಹೆಂಗಸರು ಬೇಕೆಂದೇ ತಪ್ಪು ಒತ್ತಿದರು. ನಾನು ಮತ್ತೆ ಮತ್ತೆ ಎದ್ದೆ, ಮತ್ತೆ ಮತ್ತೆ ತೂರಾಡಿದೆ. ಸೇವೆಯಲ್ಲಿದ್ದಾಗಲೂ ಒಂದೇ ದಿನ ಅಷ್ಟು ಬಸ್ಕಿ ಹೊಡೆದವನಲ್ಲ ನಾನು. ಹೊರಗೆ ಬಂದಾಗ ಪಾಟೀಲರು ನನ್ನ ಭುಜ ತಟ್ಟಿ, "ಬ್ಯಾಸರಾ ಮಾಡ್ಕೋಬ್ಯಾಡ್ರಿ ಮಾಸ್ತರ, ನೀವು ಬಂದ ಮ್ಯಾಲೇ ನಾ ಸರಿ ಅಂತ ಮಂದಿಗೆ ಗೊತ್ತಾತು" ಎಂದರು. ಸಮಾಧಾನ ಹೇಳುವುದರಲ್ಲೂ ಲೆಕ್ಕ ಬಿಡದ ಮನುಷ್ಯ.

ಮರುದಿನ ಸುಮಿತ್ರಾ ಮಗನ ಲ್ಯಾಪ್‌ಟಾಪನ್ನು ಅಕ್ಕನ ಮಂಚದ ಮೇಲಿಟ್ಟು ಅದೇ ಪಾಠ ಹಚ್ಚಿದಳು. ನಾನು ಪಡಸಾಲೆಯಲ್ಲಿ ಪೇಪರಿನ ಹಿಂದೆ ಅಡಗಿ ಕೂತಿದ್ದೆ. ಒಮ್ಮೆಲೇ ಒಳಗಿನಿಂದ ವಿಚಿತ್ರ ಸದ್ದು ಬಂತು. ಅಕ್ಕ ನೋವಿನಿಂದ ಅಳುತ್ತಿದ್ದಾಳೆಂದು ಗಾಬರಿಯಾಗಿ ಓಡಿದೆ. ಅವಳು ನಗುತ್ತಿದ್ದಳು. ಬಿದ್ದ ದಿನದಿಂದ ಕೇಳದಿದ್ದ ನಗು ಅದು.

"ಸುಮಿತ್ರಾ, ಇನ್ನೊಮ್ಮೆ ಹಚ್ಚವಾ! ಇಂವಾ ನಮ್ಮ ಬಸ್ಯಾ ಹೌದಲ್ಲೋ? ಕೆಸರಾಗಿನ ಎಮ್ಮಿ ಎದ್ದಂಗ ಏಳಾಕತ್ತಾನ!" ಎಂದು ಕಣ್ಣೊರೆಸಿಕೊಂಡಳು. ಮತ್ತೊಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಲೇ, ಇದಕಿಂತಾ ನಾನರ ಚಂದ ಏಳ್ತೀನಿ. ಸರಿ ಬಾಜೂಕ" ಎಂದಳು.

ನಾನು ಹಿಡಿಯಲು ಮುಂದಾದೆ. ಸುಮಿತ್ರಾ ಕಣ್ಣಿನಲ್ಲೇ ನನ್ನನ್ನು ತಡೆದಳು. "ಅಂಚಿಗೆ ಬರ್ರಿ ಅಕ್ಕಾರ. ಪಾದ ಹಿಂದ ತಗೋರಿ. ಇನ್ನ ಮುಂದ ಬಾಗ್ರಿ. ನಾ ಎಳಿಯೂದಿಲ್ಲ, ಬಾಜೂಕ ಇರ್ತೇನಿ" ಎಂದು, ಮುಟ್ಟಿಯೂ ಮುಟ್ಟದಂತೆ ಅಕ್ಕನ ಬೆನ್ನ ಹಿಂದೆ ಕೈ ಇಟ್ಟುಕೊಂಡು ನಿಂತಳು. ಗಂಗಕ್ಕ ಬಾಗಿದಳು, ತುಸು ತಡೆದಳು, ನನ್ನ ಮುಖ ನೋಡಿದಳು, ಎದ್ದುಬಿಟ್ಟಳು. ಕಾಲು ನಡುಗುತ್ತಿದ್ದವು, ದನಿ ನಡುಗುತ್ತಿರಲಿಲ್ಲ. "ನೋಡಿದೇನಲೇ? ಹಿಂಗ ಏಳಬೇಕು!" ನಾನು ಕೆಮ್ಮು ಬಂದವನಂತೆ ಪೇಪರು ಹಿಡಿದು ಹೊರಗೆ ಹೋದೆ.

ಈಗ ಗಂಗಕ್ಕ ದಿನಾ ಕಟ್ಟೆಯವರೆಗೆ ನಡೆಯುತ್ತಾಳೆ, ಓಣಿಗೆಲ್ಲ ಮೊದಲಿನಂತೆ ಗದರುತ್ತಾಳೆ. ಪಾಠ ಪೂರ್ತಿ ಮುಗಿಸಿದ ಸುಮಿತ್ರಾ ಅಕ್ಕಪಕ್ಕದ ಮನೆಗಳ ಸೊಸೆಯರಿಗೂ ಹೇಳಿಕೊಡುತ್ತಾಳೆ. ಅವಳ ಬೆನ್ನ ಹಿಂದೆ, ಅವಳಿಗೆ ಕೇಳದಂತೆ, ನಾನು ಎಲ್ಲರಿಗೂ ಅವಳನ್ನು ಹೊಗಳುತ್ತೇನೆ. ಮುಂಜಾನೆ ಅಕ್ಕ ಕುರ್ಚಿಯಲ್ಲಿ ಕೂತು ಏಳುವಾಗ ಜೊತೆಗೆ ನಾನೂ ಏಳಬೇಕು. ತಪ್ಪಿದರೆ "ಮತ್ತೊಮ್ಮೆ" ಎನ್ನುತ್ತಾಳೆ. ನನ್ನ ಕೈಯಲ್ಲಿ ಕಲಿತ ಮಕ್ಕಳು ಏನೇನು ಅನುಭವಿಸಿದ್ದರು ಎಂಬುದು ಈಗ ಅರ್ಥವಾಗುತ್ತಿದೆ.

ಹೋದ ತಿಂಗಳು ಅಶ್ವಿನಿ ಎರಡನೆಯ ಪಾಠ ತಯಾರಿಸಲು ಬಂದಳು. "ಸರ, ಎಲ್ಲಾ ಊರಾಗೂ ಮಂದಿ ನಿಮ್ಮನ್ನ ನೋಡೇ ಕಲ್ಯಾಕತ್ತಾರ್ರಿ. ಹೋದ ಸಲದಂಗ ತಪ್ಪು ಏಳ್ರಿ" ಎಂದಳು. ಇಂಥ ಮರ್ಯಾದೆ ಯಾರಿಗುಂಟು! ಕೂತೆ, ಎದ್ದೆ. "ಸರ, ಅದು ಸರಿ ಆತ್ರಿ." ಮತ್ತೆ ಎದ್ದೆ. ಮತ್ತೆ ಸರಿ. ಕಾಲು ತಾವಾಗಿಯೇ ಹಿಂದೆ ಸರಿಯುತ್ತವೆ, ಮೈ ತಾನಾಗಿಯೇ ಮುಂದೆ ಬಾಗುತ್ತದೆ. "ಉಸ್ಸಪ್ಪಾ" ಎನ್ನಲು ಹೋದರೆ ಅದೂ ನಾಟಕದ ಮಾತಿನಂತೆ ಹೊರಬಂತು. "ಇರ್ಲಿ ಬಿಡ್ರಿ ಸರ, ಬ್ಯಾರೆ ಯಾರನ್ನರ ಹುಡಕ್ತೇವಿ" ಎಂದು ಅವಳು ಕ್ಯಾಮೆರಾ ಮುಚ್ಚಿಸಿದಳು.

ತಪ್ಪು ಮಾಡಲು ಬರುವುದಿಲ್ಲ ಎಂಬ ಕಾರಣಕ್ಕೆ ಕೆಲಸ ಕಳೆದುಕೊಂಡ ಮಾಸ್ತರ ಕುಂದಗೋಳ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಮನೆಗೆ ಬಂದು ಸುಮಿತ್ರಾಗೆ ಹೆಮ್ಮೆಯಿಂದ ಅದನ್ನೇ ಹೇಳಿದೆ. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, "ಆ ಹುಡುಗೀನ ಮನಿಗೆ ಕಳಸಬೇಕಿತ್ತಿಲ್ರಿ? ಏಳೂದೊಂದು ಬಿಟ್ಟು ಉಳಿದದ್ದೆಲ್ಲಾ ಇನ್ನೂ ಹಂಗ ಐತಿ, ನಾನ ಒಂದೊಂದಾಗಿ ತೋರಸ್ತಿದ್ದೆ" ಎಂದಳು.