ಐದು ವರ್ಷದ ಯೋಜನೆ, ಒಂದು ಆನೆ ಕಮ್ಮಿ

ಈ ಸಲ ಒಂದಕ್ಷರ ಸುಳ್ಳು ಹೇಳಿದ್ರೂ ನನ್ ಟೀಗೆ ಸಕ್ಕರೆ ಹಾಕ್ಬೇಡ ಕಣಪ್ಪ ಅಂತ ಹಳೇಬೀಡಿನ ಟೀ ಅಂಗಡಿಯವನಿಗೆ ಮೊದ್ಲೇ ಹೇಳ್ಬಿಟ್ಟೆ. ಅರಸೀಕೆರೆ ಕಡೆ ಒಂದು ಯೂನಿವರ್ಸಿಟಿ ಸೆಂಟರ್‌ನಲ್ಲಿ ನಾನು ಅಟೆಂಡರ್. ಓದಿದವ್ರು ಸೇರಿ ಯೋಜನೆ ಮಾಡೋ ಕಡೆ ಇಂಥವು ನಡೀತಾನೇ ಇರ್ತವೆ.

ಆ ವರ್ಷ ಮೇಲಿಂದ ಕಾಗದ ಬಂತು. ಪಾಠಕ್ಕೂ ಸಂಶೋಧನೆಗೂ ಐದು ವರ್ಷದ ಯೋಜನೆ ಕೊಡಿ, ಕಮಿಟಿ ಒಪ್ಪದಿದ್ರೆ ಹಿಸ್ಟ್ರಿ ಡಿಪಾರ್ಟ್‌ಮೆಂಟ್ ಮುಚ್ತೀವಿ ಅಂತ. ಮುಚ್ಚಿದ್ರೆ, ಮಾದಿಹಳ್ಳಿಯಿಂದ ಎರಡು ಬಸ್ ಹತ್ತಿ ಬರೋ ಗೆಸ್ಟ್ ಲೆಕ್ಚರರ್ ಮೇಡಂ ಕೆಲ್ಸ ಹೋಗೋದು.

೧. ಕೊರತೆ

ಡೀನ್ ಸಾಹೇಬ್ರು, 'ನಿಮ್ಮ ನಿಮ್ಮ ಡಿಪಾರ್ಟ್‌ಮೆಂಟಿನ ಕೊರತೆ ಬರ್ಕೊಡಿ' ಅಂದ್ರು. ಎಲ್ರೂ 'ಇಲ್ಲ' ಅಂತ ಬರೆದ್ರು.

'ಕೊರತೆನೇ ಇಲ್ಲ ಅಂದ್ರೆ ಕಮಿಟಿ ಒಪ್ಪಲ್ಲ ಕಣ್ರೀ' ಅಂತ ಡೀನ್ ತಲೆ ಮೇಲೆ ಕೈ ಹೊತ್ರು.

ನಾನು ಬಾಯಿ ಹಾಕ್ದೆ. 'ಸಾರ್, ಒಬ್ರದ್ದು ಇನ್ನೊಬ್ರು ಬರೀಲಿ.'

ಮಧ್ಯಾಹ್ನಕ್ಕೆ ಆಫೀಸಿನ ಪೇಪರೆಲ್ಲ ಖಾಲಿ. ಎಕನಾಮಿಕ್ಸ್ ಮೇಷ್ಟ್ರು ಓಡ್ಬಂದು, 'ಹಿಸ್ಟ್ರಿಯವ್ರದ್ದು ಈಗ ಅರ್ಧ ಆಗಿದೆ, ಎಲ್ಲಾದ್ರೂ ಹಾಳೆ ಹುಡುಕ್ಕೊಡಪ್ಪ' ಅಂದ್ರು.

೨. ಗುರಿ

ಹಿಸ್ಟ್ರಿ ಹೆಡ್ ಅಂತೂ ಗುರಿ ಮೇಲೆ ಗುರಿ ಬರೆದ್ರು. ಮ್ಯೂಸಿಯಂ ಕಟ್ತೀನಿ, ಶಾಸನ ಎಲ್ಲಾ ಓದಿಸ್ತೀನಿ, ಬೇಲೂರಲ್ಲಿ ಫಾರಿನ್ನವ್ರಿಗೆ ಕ್ಲಾಸ್ ಮಾಡ್ತೀನಿ.

'ಸಾರ್, ತಾವು ಬರೋ ತಿಂಗ್ಳು ರಿಟೈರ್ ಅಲ್ವಾ?'

'ಅದಕ್ಕೇ ಕಣೋ ಇಷ್ಟು ಧೈರ್ಯವಾಗಿ ಬರ್ದಿರೋದು.'

೩. ಆನೆ

ನಿಜವಾಗಿ ಕೆಲ್ಸ ಮಾಡ್ದೋರು ಮೇಡಂ ಒಬ್ರೇ. ಹಳೇಬೀಡು ದೇವಸ್ಥಾನದ ಸುತ್ತ ಸಾಲಾಗಿ ಕೆತ್ತಿರೋ ಆನೆಗಳನ್ನ ಒಂದೂ ಬಿಡದೆ ಎಣಿಸಿ ಬರ್ದಿದ್ರು. ಕಮಿಟಿ ಅಧ್ಯಕ್ಷರು ನಂಬಲಿಲ್ಲ. 'ನಾನೇ ಬಂದು ಎಣಿಸ್ತೀನಿ. ಲೆಕ್ಕ ಕೂಡಿದ್ರೆ ಸಹಿ, ಇಲ್ಲಾಂದ್ರೆ ಡಿಪಾರ್ಟ್‌ಮೆಂಟ್ ಮುಚ್ಚಿ' ಅಂದ್ರು.

ಬಿಸ್ಲಲ್ಲಿ ಒಂದು ಸುತ್ತು ಬಂದ್ರು. ಒಂದು ಆನೆ ಕಮ್ಮಿ. ಇನ್ನೊಂದು ಸುತ್ತು. ಆಗ್ಲೂ ಒಂದು ಕಮ್ಮಿ. ಮಧ್ಯ ಫೋನ್ ಬಂದಾಗ ಅವ್ರೇ ಒಂದು ಆನೆ ಬಿಟ್ಟು ಹೋಗ್ತಿದ್ರು, ಹೇಳೋರ್ಯಾರು? ಮೇಡಂ ಮುಖ ಸಣ್ಣಗಾಯ್ತು. 'ಅಣ್ಣಾ, ನಾಳೆಯಿಂದ ನಾನು ಬಸ್ ಹತ್ತೋ ಹಂಗಿಲ್ಲ' ಅಂದ್ರು.

ಅಧ್ಯಕ್ಷರು ಕೊನೇ ಸುತ್ತು ಹೊರಟ್ರು. ನಾನು ವಾಚ್‌ಮನ್ ಕಂಬ್ಳಿ ಇಸ್ಕೊಂಡೆ, ಮೈತುಂಬಾ ಹೊದ್ಕೊಂಡೆ, ಟವಲ್ ಸುತ್ತಿ ಸೊಂಡ್ಲು ಮಾಡ್ಕೊಂಡು ಸಾಲಲ್ಲಿ ಎರಡು ಆನೆ ನಡುವೆ ನಿಂತ್ಬಿಟ್ಟೆ. ಅಧ್ಯಕ್ಷರು ಬಂದ್ರು. ನನ್ನ ಬೆನ್ನು ಸವರಿ, 'ಇದರ ಕೆತ್ತನೆ ಅಷ್ಟಕ್ಕಷ್ಟೇ' ಅಂತ ಎಣಿಸ್ಕೊಂಡು ಮುಂದಕ್ಕೆ ಹೋದ್ರು. ಲೆಕ್ಕ ಕೂಡ್ತು. ಅಲ್ಲೇ ಸಹಿ.

ಟೀ ಅಂಗಡಿಯವನು ಸೋಸೋದು ನಿಲ್ಲಿಸ್ದ.

'ಮೇಡಂ ಕೆಲ್ಸ ಉಳ್ದಿದ್ದು ನಿಜ, ದಿನಾ ಇಲ್ಲೇ ಬಸ್ ಕಾಯ್ತಾರೆ. ಆದ್ರೆ ಯಜಮಾನ್ರೇ, ಆ ಸಾಲಿನ ಆನೆ ಒಂದು ಮೊಳ ಎತ್ತರಾನೂ ಇಲ್ಲ. ಅದರ ಮಧ್ಯ ನೀವು ಹೆಂಗೆ ಹಿಡಿಸಿದ್ರಿ?'