ಸುಬೇದಾರರ ಬೂಟು

ನಮ್ಮ ಕಾಕುವಿನ ಮನೆಯಲ್ಲಿ ದೆವ್ವವಿತ್ತು. ನಗಬೇಡಿ! ಪುಣೆಯ ಖಡಕಿಯ ಆ ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ತಪ್ಪದೆ ಡ್ಯೂಟಿಗೆ ಹಾಜರಾಗುವ, ಬೂಟು ಹಾಕಿದ ದೆವ್ವ. ಅಮಾವಾಸ್ಯೆಗೆ ಕಾಯುವ ಸೋಮಾರಿತನ ಅದಕ್ಕಿರಲಿಲ್ಲ. ಹೋದ ವರ್ಷ ಕಾಕು ತೀರಿಕೊಂಡ ಮೇಲೆ ಅದೂ ಓಣಿ ಬಿಟ್ಟಿತು.

ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಸೈನ್ಯದಲ್ಲಿ ಸುಬೇದಾರರು. ವರ್ಷದ ಬಹುಪಾಲು ಅವರು ಹಿಮದ ಗಡಿಯಲ್ಲಿ. ಪುಣೆಯ ಮನೆಯಲ್ಲಿ ಕಾಕು ಮತ್ತು ಪುಟ್ಟ ಮಗಳು, ಇಬ್ಬರೇ. ಕಾಕಾನ ಹಳೆಯ ಲಾಳದ ಬೂಟು ಮಾತ್ರ ಎಂದೂ ಗಡಿಗೆ ಹೋಗಲಿಲ್ಲ. ಬೆಳಿಗ್ಗೆ ಪಾಲಿಶ್ ಹೊಡೆಸಿಕೊಂಡು ಹೊಸ್ತಿಲ ಹೊರಗೆ, ಮೂತಿ ಬೀದಿಗೆ. ಮಧ್ಯಾಹ್ನ ನೋಡಿದರೆ ಮೂತಿ ಮನೆಯೊಳಕ್ಕೆ. ಮಳೆ ಬಂದ ದಿನ ಅದರ ಅಂಚಿಗೆ ಹಸಿ ಕೆಸರು! ಹಾಲಿನವನು ಬೂಟಿಗೊಂದು ಸಲಾಂ ಹೊಡೆದೇ ಹಾಲು ಅಳೆಯುತ್ತಿದ್ದ. ನೀರು ಬೆರೆಸುವ ಧೈರ್ಯ ಎಲ್ಲಿಂದ ಬರಬೇಕು?

ಸಂಜೆ ಕತ್ತಲಾಯಿತೋ, ಪಡಸಾಲೆಯಲ್ಲಿ ಶುರು. ಠಕ್... ಸರ್ರ್. ಠಕ್... ಸರ್ರ್. ಒಂದು ಕಾಲು ಊರಿ ಇನ್ನೊಂದನ್ನು ಎಳೆದ ಹಾಗೆ. ಒಮ್ಮೆ ಪಕ್ಕದ ಮನೆಯ ಹವಾಲ್ದಾರರು ಕೇಳಿಸಿಕೊಂಡು, ಬಾಗಿಲಲ್ಲಿ ನೆಟ್ಟಗೆ ನಿಂತು, "ರಾಮ್ ರಾಮ್, ಸಾಬ್!" ಅಂದರು. ಒಳಗಿನಿಂದ ಒಂದು ಗಡಸು ಕೆಮ್ಮು ಬಂತು. ತೃಪ್ತರಾಗಿ ಹೋದರು. ಸಾಬ್ ಅಂದು ಗಡಿಯಲ್ಲೇ ಇದ್ದರೆಂದು ತಿಳಿದ ಮರುದಿನ ಹವಾಲ್ದಾರರ ತೋಳಿಗೊಂದು ತಾಯತ ಬಂತು. ಯುದ್ಧ ನೋಡಿದ ತೋಳು!

ಬೇಸಿಗೆ ರಜೆಗೆ ಧಾರವಾಡದಿಂದ ಹೋದ ನಾನೂ ಕೇಳಿದೆ. ಚಾಪೆಯ ಮೇಲೆ ಪಕ್ಕದಲ್ಲಿದ್ದ ಕಾಕುವಿನ ಮಗಳು, "ಅಪ್ಪಾ ಗಸ್ತಿ ಹೊಡೀಲಿಕ್ಕತ್ತಾರ" ಎಂದು ಹಾಯಾಗಿ ನಿದ್ದೆ ಹೋದಳು. ನನಗೆಲ್ಲಿಯ ನಿದ್ದೆ! ಪರದೆಯ ಕೆಳಗೆ ಬೂಟು ಬಂದು ನಿಂತಿತು, ಮೂತಿ ನಮ್ಮ ಕಡೆಗೆ. ಉಸಿರು ಹಿಡಿದು ಮೆಲ್ಲಗೆ ಕಣ್ಣೆತ್ತಿದೆ. ಬೂಟಿನ ಮೇಲೆ ಇಳಕಲ್ ಸೀರೆಯ ಅಂಚು!

"ಕಾಕು!"

"ಶ್! ಅಕೀ ಮುಂದ ಎಂದೂ ಬಾಯಿ ಬಿಡಬ್ಯಾಡ. ಗಂಡಸಿಲ್ಲದ ಮನಿ ಅಂತ ಓಣಿಗೆ ತಿಳೀಬಾರದು. ಅಪ್ಪ ಇಲ್ಲ ಅಂತ ಅಕೀಗೂ ಅನಸಬಾರದು."

"ಮತ್ತ ಕಾಲ್ಯಾಕ ಎಳೀತೀರಿ?"

"ಬೂಟು ಭಾಳ ದೊಡ್ಡವು. ಬಟ್ಟಿ ತುರುಕೇನಿ, ಆದ್ರೂ ಎಡಗಾಲಿಂದು ಜಾರತದ."

ನಿವೃತ್ತರಾಗಿ ಬಂದ ಕಾಕಾ ಮನೆಯಲ್ಲಿ ಬರಿಗಾಲಲ್ಲಿ ಬೆಕ್ಕಿನಂತೆ ಓಡಾಡುತ್ತಿದ್ದರು. ದೆವ್ವಕ್ಕೆ ರಜೆ! ಅವರು ತೀರಿಕೊಂಡು, ಕರ್ಮಾಂತರ ಮುಗಿದ ಸಂಜೆ, ಪಡಸಾಲೆಯಲ್ಲಿ ಮತ್ತೆ ಠಕ್... ಸರ್ರ್. ಬಂದ ನೆಂಟರ ಚಹಾ ಕಪ್ಪುಗಳು ಬಾಯಿಯ ಹತ್ತಿರವೇ ನಿಂತವು.

"ಈಗ ಯಾರನ್ನ ಹೆದರಸ್ಲಿಕ್ಕೆ ಕಾಕು?" ಎಂದೆ ಗುಟ್ಟಾಗಿ.

"ಹೆದರಸ್ಲಿಕ್ಕಲ್ಲವ್ವಾ. ಆ ಸಪ್ಪಳ ಇಲ್ಲಂದ್ರ ಈಗ ನನಗ ಹೆದರಿಕಿ."

ಹೋದ ವರ್ಷದ ಮಳೆಗಾಲದಲ್ಲಿ ಕಾಕು ಬಿದ್ದು ಸೊಂಟ ಮುರಿದುಕೊಂಡರು. ಬೂಟು ಸುಮ್ಮನಾಯಿತು. ನೋಡಿಕೊಳ್ಳಲು ನಾನು ಹೋಗಿದ್ದೆ. ಕತ್ತಲಾಗುತ್ತಲೇ ನನ್ನ ಕೈ ಹಿಡಿದು, "ಇವತ್ತೂ ಗಸ್ತಿ ಆಗ್ಲಿಲ್ಲ" ಎನ್ನುವರು. ಡಾಕ್ಟರ ಗುಳಿಗೆಗೂ ಕಣ್ಣು ಮುಚ್ಚುತ್ತಿರಲಿಲ್ಲ. ಮಗಳಿಗೆ ಹೇಳೋಣವೆಂದರೆ, "ಬ್ಯಾಡ! ಅಪ್ಪನ ಹೆಜ್ಜಿ ಅಂತನ ಅಕೀ ದೊಡ್ಡಾಕಿ ಆಗ್ಯಾಳ."

ಒಂದು ಸಂಜೆ ಕರೆಂಟು ಹೋಗಿತ್ತು. ಹಿಂಜವಾಡಿಯ ಆಫೀಸಿನಿಂದ ಮಗಳಿನ್ನೂ ಬಂದಿರಲಿಲ್ಲ. ನಾನು ಮೇಣದಬತ್ತಿ ಹಚ್ಚಿಟ್ಟು ಕಾಕುವಿಗೆ ಗಂಜಿ ಕುಡಿಸುತ್ತಿದ್ದೆ. ಪಡಸಾಲೆಯಲ್ಲಿ ಠಕ್... ಸರ್ರ್.

ಚಮಚ ಕೈಯಿಂದ ಜಾರಿತು. ಕಾಕು ನನ್ನ ಮುಂದೆಯೇ ಮಲಗಿದ್ದಾರಲ್ಲ! ಹಾಗಾದರೆ ಇದು ಯಾರು? ಸಪ್ಪಳ ಹತ್ತಿರ ಬಂತು. ಪರದೆಯ ಕೆಳಗೆ ಬೂಟು ನಿಂತಿತು, ಮೂತಿ ನಮ್ಮ ಕಡೆಗೆ. ಕಣ್ಣೆತ್ತಿದೆ. ಬೂಟಿನ ಮೇಲೆ ಜೀನ್ಸ್ ಪ್ಯಾಂಟು. ಆಮೇಲೆ ಒಂದು ಗಡಸು ಕೆಮ್ಮು.

ಕಾಕಾ ಜನ್ಮದಲ್ಲಿ ಎಂದೂ ಎಡಗಾಲು ಎಳೆದವರಲ್ಲ.

ಕಾಕು ಬಹಳ ಹೊತ್ತು ಆ ಹೆಜ್ಜೆಯನ್ನೇ ಕೇಳಿದರು. ಆಮೇಲೆ, ಎಷ್ಟೋ ದಿನದ ನಂತರ, ತಾವಾಗಿ ಕಣ್ಣು ಮುಚ್ಚಿದರು.

"ಬಟ್ಟಿ ಇನ್ನಷ್ಟು ತುರುಕಿಕೋ ಅಂತ ಹೇಳವ್ವಾ ಅಕೀಗೆ," ಅಂದರು. "ಹಿಮ್ಮಡಿಗೆ ಕಚ್ಚತಾವ."