ಪರದೆಯ ಮೇಲಿನ ಶೌಚಾಲಯ

ಜಾವಳಿ, ೨೦೦೪ರ ಶ್ರಾವಣ

ಚಿಕ್ಕಮಗಳೂರಿನಲ್ಲಿ ಕಂಪ್ಯೂಟರಿನಿಂದಲೇ ಕಟ್ಟಡಗಳನ್ನು ಎಬ್ಬಿಸುವ ಎಂಜಿನಿಯರ್ ಚನ್ನಕೇಶವ ಅವರಿಗೆ, ಜಾವಳಿ ಮಹಿಳಾ ಮಂಡಳಿಯ ಅಧ್ಯಕ್ಷೆ ಅಂಜನಮ್ಮ ಪತ್ರಿಕೆಯ ಮೂಲಕ ನಾಲ್ಕು ಜನರೆದುರು ಕೈಮುಗಿದು ಅರಿಕೆ ಮಾಡಿಕೊಳ್ಳುವುದು.

ಮಾನ್ಯರೇ,

ತಾವು ನಕ್ಷೆ ಬರೆದುಕೊಟ್ಟ ನಮ್ಮ ಮಂಡಳಿಯ ಕಟ್ಟಡ ಎದ್ದು ನಿಂತಿದೆ. ಹೊಲಿಗೆ ಕಲಿಯಲು ಬರುವ ಹೆಂಗಸರಿಗೆ ಗಾಳಿ ಬೆಳಕು ಧಾರಾಳವಾಗಿದೆ. ಶೌಚಾಲಯ ಮಾತ್ರ ಇಲ್ಲ. ನಮ್ಮನ್ನು ತಮ್ಮ ಕಚೇರಿಯಲ್ಲಿ ಕೂರಿಸಿ, ಹಿಂಬದಿಯ ಗೋಡೆಗೆ ಅಂಟಿಕೊಂಡ ಎರಡು ಶೌಚಾಲಯಗಳನ್ನು ಪರದೆಯ ಮೇಲೆ ನೀಲಿ ಗೆರೆಗಳಲ್ಲಿ ತೋರಿಸಿದವರು ತಾವೇ. ಅದನ್ನು ನೋಡಿ ಸಂತೋಷದಿಂದ ಬಸ್ಸು ಹತ್ತಿದ ದಡ್ಡರು ನಾವೇ. ಆಮೇಲೆ ತಾವು ಕಳಿಸಿದ ಹಾಳೆಯಲ್ಲಿ ಆ ನೀಲಿ ಗೆರೆಗಳು ಅಚ್ಚಾಗಿರಲಿಲ್ಲ. ಕೇಳಿದ್ದಕ್ಕೆ ಗುತ್ತಿಗೆದಾರ ತಿಮ್ಮಪ್ಪನವರು, "ಹಾಳೇಲಿ ಇದ್ದಷ್ಟು ಕಟ್ಟಿದೀನಿ ಅಂಜನಮ್ಮ, ಇಲ್ದಿದ್ದನ್ನ ಎಲ್ಲಿಂದ ತರ್ಲಿ?" ಎಂದರು.

ತಮ್ಮ ಬಳಿಗೇ ಬಂದೆವು. ತಾವು ಕುರ್ಚಿಯಿಂದ ಏಳದೆ ಮೌಸ್ ಒತ್ತಿದಿರಿ, ಶೌಚಾಲಯಗಳು ಪ್ರತ್ಯಕ್ಷವಾದವು. "ಇದೆಯಲ್ಲಮ್ಮ, ಲೇಯರ್ ಆಫ್ ಆಗಿತ್ತು ಅಷ್ಟೆ" ಎಂದಿರಿ. ಒಂದೇ ನಕ್ಷೆಯಲ್ಲಿ ಗೋಡೆಗೊಂದು, ಕರೆಂಟಿಗೊಂದು, ನೀರಿಗೊಂದು ಪದರವಿರುತ್ತದೆಂದೂ, ಬೇಕಾದ್ದನ್ನು ತೋರಿಸಿ ಬೇಡವಾದ್ದನ್ನು ಮರೆಮಾಡಬಹುದೆಂದೂ ವಿವರಿಸಿದ ತಮ್ಮ ತಾಳ್ಮೆ ದೊಡ್ಡದು. ಹೆಂಗಸರ ಅಗತ್ಯವನ್ನು ಬೇಡವಾದ್ದರ ಸಾಲಿಗೆ ಸೇರಿಸಿ ಹಾಳೆ ಅಚ್ಚು ಹಾಕಿದ ತಮ್ಮ ವಿವೇಕ ಇನ್ನೂ ದೊಡ್ಡದು.

ನೋಡಿದರೆ ತಪ್ಪು ನಮ್ಮದೇ. ಹೊಟ್ಟೆಯ ಲೇಯರನ್ನು ಆಫ್ ಮಾಡಿ ಮನೆಯಿಂದ ಹೊರಡುವ ವಿದ್ಯೆ ನಮಗೆ ಬಾರದು. ನಮ್ಮ ಸದಸ್ಯೆಯರಲ್ಲೇ ಹಿರಿಯರಾದ ದೇವೀರಮ್ಮ ಆಷಾಢದ ಮಳೆಯಲ್ಲಿ ಕಾಫಿ ಗಿಡಗಳ ಮರೆಗೆ ಹೋದವರು ಜಾರಿ ಬಿದ್ದು ಕಾಲು ಮುರಿದುಕೊಂಡರು. ಮೂಡಿಗೆರೆ ಆಸ್ಪತ್ರೆಯಲ್ಲಿ ನೋವಿಗಿಂತ ನಾಚಿಕೆಗೇ ಹೆಚ್ಚು ಅತ್ತರು. "ಎಲ್ಲಿ ಬಿದ್ದೆ ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ ಮಾರಾಯ್ತಿ" ಎಂದು ನನ್ನ ಕೈ ಹಿಡಿದುಕೊಂಡರು.

ಆದಕಾರಣ, ತಮ್ಮ ಕಂಪ್ಯೂಟರಿನಲ್ಲಿ ಶೌಚಾಲಯಗಳು ಸುಸ್ಥಿತಿಯಲ್ಲಿರುವುದರಿಂದ, ನಮ್ಮ ಸದಸ್ಯೆಯರು ಬೆಳಗಿನ ಬಸ್ಸಿಗೆ ಬಂದು ಸರದಿಯಂತೆ ಅವನ್ನೇ ಬಳಸಲು ಅಪ್ಪಣೆಯಾಗಬೇಕು. ನಡುವೆ ಕರೆಂಟು ಹೋದರೆ ಒಳಗಿದ್ದವರ ಗತಿಯೇನೆಂಬುದನ್ನೂ ದಯಮಾಡಿ ತಿಳಿಸಬೇಕು.

ತಮ್ಮ ಜಾಣ್ಮೆಯನ್ನು ನಂಬಿ ಕೆಟ್ಟ, ಆದರೂ
ತಮ್ಮ ವಿಶ್ವಾಸಿ,
ಅಂಜನಮ್ಮ

ಮರೆತ ಮಾತು: ಇದನ್ನು ಪತ್ರಿಕೆಗೆ ಕಳಿಸುವುದು ದಸರೆಯವರೆಗೂ ತಡವಾಯಿತು. ಅಷ್ಟರಲ್ಲಿ ತಮ್ಮ ಅಪ್ಪಣೆಗೆ ಕಾಯದೆ ನಾವೇ ಹೆಂಗಸರು ಸೇರಿ ಹಿಂಬದಿಯಲ್ಲಿ ಒಂದನ್ನು ಕಟ್ಟಿಸಿದೆವು. ಉದ್ಘಾಟನೆಗೆ ತಮ್ಮನ್ನು ಕರೆಯಲು ಪುರುಸೊತ್ತಾಗಲಿಲ್ಲ, ಕ್ಷಮಿಸಬೇಕು. ದೇವೀರಮ್ಮ ಊರುಗೋಲು ಹಿಡಿದು ಬಂದವರೇ, ಭಾಷಣಕ್ಕೆ ನಿಂತಿದ್ದ ನನ್ನನ್ನೂ ಸರಿಸಿ, ಒಳಗೆ ಹೋಗಿ ಚಿಲಕ ಹಾಕಿಕೊಂಡರು.